ಅಜ್ಜನ ಪಡಸಾಲೆ

ಕಳೆದ ಬಸವ ಜಯಂತಿಯ ದಿನ ನಮ್ಮ ಮನೆತನದವರೆಲ್ಲ ಬಹಳ ವರ್ಷಗಳ ಮೇಲೆ ಊರಿನ ಹಳೆಯ ಮನೆಯಲ್ಲಿ ಒಂದೆಡೆ ಸೇರಿದ್ದೆವು. ಸೇರಿದ ಕಾರಣ ಸಂತೋಷದ್ದೇನೂ ಅಲ್ಲ. ತೊಲೆಗಳಿಗೆ ಗೆದ್ದಲು ಹತ್ತಿ, ಹಿಂದಿನ ಗೋಡೆ ಮಳೆಗಾಲದಲ್ಲಿ ಕುಸಿದು, ಮನೆಯನ್ನು ಇಳಿಸಲೇಬೇಕೆಂದು ನಮ್ಮ ಅಣ್ಣತಮ್ಮಂದಿರ ಮಕ್ಕಳು ತೀರ್ಮಾನಿಸಿದ್ದರು. ಅದಕ್ಕೆ ಮೊದಲು ಒಮ್ಮೆ ಪೂಜೆ, ಪ್ರಸಾದ ಆಗಲೆಂದು ನಮ್ಮನ್ನೂ ಕರೆಸಿದ್ದರು. ಪ್ರಸಾದವಾದ ಮೇಲೆ ಎಂಟು ವರ್ಷದ ಒಂದು ಕೂಸು ನಮ್ಮ ಬಳಿಗೆ ಬಂದು, "ಅಜ್ಜಾ, ಈ ಮನಿ ಕಟ್ಟಿದ ಮುತ್ಯಾನ ಫೋಟೋ ಎಲ್ಲೈತಿ?" ಎಂದು ಕೇಳಿತು. ಫೋಟೋ ಇಲ್ಲ. ನಮ್ಮ ಅಜ್ಜನವರು ಜೀವಮಾನದಲ್ಲಿ ಒಮ್ಮೆಯೂ ಫೋಟೋ ತೆಗೆಸಿಕೊಂಡವರಲ್ಲ. ಅವರ ಗುರುತೆಂದು ಉಳಿದಿದ್ದುದು ಈ ಮನೆಯೊಂದೇ, ಅದೂ ಹೋಗುವುದರಲ್ಲಿತ್ತು. ಆ ಕೂಸಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಹಿರಿಯರು ವಾಚಕರ ಮನೆಗಳಲ್ಲಿಯೂ ಆಗಿಹೋಗಿರುತ್ತಾರಾದ್ದರಿಂದ ಇದು ಕೇವಲ ನಮ್ಮ ಮನೆಯ ಮಾತಾಗಲಾರದೆಂದು ನಂಬಿದ್ದೇವೆ.

ನಮ್ಮೂರು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನದು. ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ನೆಲ ಅದು. ಮೂಡಲಿಗೆ ಹುಬ್ಬಳ್ಳಿ, ಶಿಗ್ಗಾಂವಿಗಳ ಹೊಲಗಳು. ಪಡುವಲಿಗೆ ಯಲ್ಲಾಪುರದವರೆಗೂ ಸಾಗವಾನಿ, ಮತ್ತಿ, ಹೊನ್ನೆ ಮರಗಳ ಕಾಡು. ಅಜ್ಜನವರು ಮೂಲತಃ ಈ ಊರಿನವರಲ್ಲ. ನವಲಗುಂದದ ಕಡೆಯ ಎರೆಯ ಸೀಮೆಯಿಂದ ಒಂದು ಬರಗಾಲದ ವರ್ಷ ಎರಡು ಎತ್ತು, ಒಂದು ಚಕ್ಕಡಿ, ವಯಸ್ಸಾದ ತಾಯಿ, ಇಷ್ಟರೊಡನೆ ಬಂದವರು. ಬಂದ ರಾತ್ರಿ ಯಾರದೋ ಮನೆಯ ಕಟ್ಟೆಯ ಮೇಲೆ ಮಲಗಲು ಅಪ್ಪಣೆ ಬೇಡಿದರಂತೆ. ಆ ಮನೆಯ ಯಜಮಾನರು, "ಕಟ್ಟಿ ಸಣ್ಣದೈತಿ, ಒಳಗ ಬರ್ರಿ" ಎಂದು ಕರೆದು, ರೊಟ್ಟಿ, ಮಜ್ಜಿಗೆ ಕೊಟ್ಟು, ಯಾವ ಊರು, ಯಾರ ಮನೆತನ ಎಂಬುದನ್ನು ಮರುದಿನ ಬೆಳಿಗ್ಗೆ ಕೇಳಿದರಂತೆ. ಈ ಪ್ರಸಂಗವನ್ನು ಅಜ್ಜನವರು ನಮಗೆ ನೂರು ಸಲ ಹೇಳಿರಬಹುದು. "ಮೊದಲ ಉಣ್ಣಾಕ ಹಾಕಬೇಕು, ಆಮ್ಯಾಲೆ ಹೆಸರ ಕೇಳಬೇಕು" ಎಂಬುದು ಅವರ ಬದುಕಿನ ಕಟ್ಟಳೆಯಾಗಿದ್ದಿತು. ಬಂದವರನ್ನು ಯಾರವರೆಂದು ಕೇಳದೆ ನಮ್ಮವರೆಂದೆಣಿಸಬೇಕೆನ್ನುವ ಬಸವಣ್ಣನವರ ವಚನ ವಾಚಕರೆಲ್ಲರಿಗೂ ಕಂಠಪಾಠವಿದೆ. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ಅಜ್ಜನವರಿಗೆ ಅದು ಮೊದಲು ಅನುಭವವಾಗಿ, ಆ ಬಳಿಕ ವಚನವಾಗಿ ದೊರೆತಿತ್ತು.

ಗೇಣಿಯ ಗದ್ದೆ ಮಾಡಿ, ಚಕ್ಕಡಿ ಬಾಡಿಗೆಗೆ ಹೊಡೆದು, ನಾಲ್ಕು ಕಾಸು ಕೂಡಿದ ಮೇಲೆ 1934ರಲ್ಲಿ ಅವರು ಮನೆಗೆ ಪಾಯ ಹಾಕಿದರು. ಹನ್ನೆರಡು ಅಂಕಣದ ಮನೆ. ಮಣ್ಣಿನ ಗೋಡೆ, ಸಾಗವಾನಿಯ ಕಂಬ, ಮೇಲೆ ಹಂಚು. ಅದರಲ್ಲಿ ನಾಲ್ಕು ಅಂಕಣ ಬರಿಯ ಪಡಸಾಲೆಗೇ ಹೋಯಿತು. ಅಷ್ಟೇ ಅಲ್ಲ, ಮೊದಲು ಎದ್ದದ್ದೂ ಪಡಸಾಲೆಯೇ. ಎರಡು ವರ್ಷ ಮನೆಯವರೆಲ್ಲ ಅದರಲ್ಲಿಯೇ ಒಲೆ ಹೂಡಿಕೊಂಡಿದ್ದು, ಕೈಯಲ್ಲಿ ಹಣ ಆಡಿದಂತೆ ನಡುಮನೆ, ಅಡಿಗೆಮನೆ, ದನದ ಹಕ್ಕೆಗಳನ್ನು ಕಟ್ಟಿಕೊಂಡರಂತೆ. "ಇದೇನು ಮನೆಯೋ ಛತ್ರವೋ?" ಎಂದು ಊರವರು ನಕ್ಕರೆಂದು ಅಜ್ಜಿ ಹೇಳುತ್ತಿದ್ದರು. ಪಡಸಾಲೆಯ ಮುಂದೆ ಎದೆಮಟ್ಟದ ಒಂದು ಕಟ್ಟೆ. ತಲೆಯ ಮೇಲೆ ಹೊರೆ ಹೊತ್ತು ಬಂದವರು ಇನ್ನೊಬ್ಬರನ್ನು ಕರೆಯದೆ ತಾವೇ ಇಳಿಸಿಕೊಳ್ಳಲಿ, ಮತ್ತೆ ತಾವೇ ಹೊತ್ತುಕೊಳ್ಳಲಿ ಎಂದು ಅಳೆದು ಕಟ್ಟಿಸಿದ್ದು. ಅದರ ಪಕ್ಕದಲ್ಲಿ ನೀರಿನ ಹರವಿ, ಮೇಲೆ ಕಂದೀಲು ತೂಗುಹಾಕುವ ಗೂಟ. ಬಾಲ್ಯದಲ್ಲಿ ಆ ಹರವಿಗೆ ನೀರು ತುಂಬುವುದು ನಮ್ಮ ಪಾಲಿನ ಕಾಯಕವಾಗಿದ್ದಿತು. ಒಮ್ಮೆ ಆಟದಲ್ಲಿ ಮರೆತಾಗ ಅಜ್ಜನವರು ಬಯ್ಯಲಿಲ್ಲ. ಆ ದಿನ ತಾವೂ ಸಂಜೆಯವರೆಗೆ ನೀರು ಕುಡಿಯಲಿಲ್ಲ, ಅಷ್ಟೇ. ನಾವು ಇನ್ನೊಮ್ಮೆ ಮರೆಯಲಿಲ್ಲ.

ದಾಸೋಹದ ಕೀರ್ತಿ ಅಜ್ಜನವರಿಗೆ ಬಂದರೂ ಅದರ ಭಾರ ಅಜ್ಜಿಯ ರಟ್ಟೆಯ ಮೇಲಿತ್ತೆಂಬುದನ್ನು ಮುಚ್ಚಿಡಬಾರದು. ದಿನಾಲು ಮನೆಯವರ ಲೆಕ್ಕಕ್ಕಿಂತ ಒಂದು ಸೇರು ಅಕ್ಕಿ ಹೆಚ್ಚಿಗೆ ಹಾಕಬೇಕೆಂಬುದು ಅಜ್ಜನವರ ನೇಮ. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿಯ ಜಾತ್ರೆ. ಹಾನಗಲ್ಲ ಸೀಮೆಯಿಂದ ಬರುವ ಚಕ್ಕಡಿಗಳಲ್ಲಿ ಕೆಲವು ನಮ್ಮೂರ ಮೇಲೆ ಹಾಯ್ದು ಯಲ್ಲಾಪುರದ ದಾರಿ ಹಿಡಿಯುತ್ತಿದ್ದವು. ಕೊಂಬಿಗೆ ಗೊಂಡೆ ಕಟ್ಟಿದ ಎತ್ತುಗಳ ಗೆಜ್ಜೆಯ ಸದ್ದು ಕೇಳಿದೊಡನೆ ಅಜ್ಜಿ ಒಲೆಗೆ ಮತ್ತೊಂದು ಕೊಳ್ಳಿ ನೂಕುತ್ತಿದ್ದರು. ಜೋಯಿಡಾ ತಾಲೂಕಿನ ಉಳವಿ ಚನ್ನಬಸವಣ್ಣನವರು ಲಿಂಗೈಕ್ಯರಾದ ಕ್ಷೇತ್ರ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕೇಡು ಸಂಭವಿಸಿದಾಗ ಸೈನ್ಯ ಬೆನ್ನಟ್ಟಿ ಬರುತ್ತಿರಲು, ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಈ ಕಾಡಿನ ಆಶ್ರಯಕ್ಕೆ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ರಾತ್ರಿ ಪಡಸಾಲೆಯಲ್ಲಿ ಯಾತ್ರಿಕರು ಆ ಕಥೆಯನ್ನು ಹೇಳುತ್ತಿದ್ದರೆ ಅಜ್ಜನವರು ಕಂಬಕ್ಕೆ ಒರಗಿ ಕಣ್ಣು ತೇವ ಮಾಡಿಕೊಳ್ಳುತ್ತಿದ್ದರು. ನಮಗೆ ಅದು ಎಂದೋ ಆಗಿಹೋದ ಕಥೆ. ಅವರಿಗೆ ಹಾಗಿರಲಿಲ್ಲವೆಂಬುದು 1966ರಲ್ಲಿ ತಿಳಿಯಿತು.

1959ರಲ್ಲಿ ಟಿಬೆಟ್ಟಿನಿಂದ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ನಿರಾಶ್ರಿತರು ಹಿಮದ ದಾರಿಯಲ್ಲಿ ನಡೆದು ಬಂದರು. ಅವರಿಗೆ ನೆಲ ಕೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವೇ ಮುಂದಾಗಿದ್ದಿತು. 1961ರ ಹೊತ್ತಿಗೆ ಬೈಲಕುಪ್ಪೆಯ ವಸತಿ ಆರಂಭವಾಯಿತು. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ಮುಂಡಗೋಡದ ಬಳಿ ಸುಮಾರು 4000 ಎಕರೆ ಕಾಡಿನ ನೆಲದಲ್ಲಿ ಎರಡನೆಯ ದೊಡ್ಡ ವಸತಿಗೆ ಎಡೆಯಾಯಿತು. ಅದರ ಹೆಸರು ದೋಗುಲಿಂಗ್. ನಮ್ಮ ಜನರ ಬಾಯಲ್ಲಿ ಅದು ಟಿಬೆಟನ್ ಕಾಲೊನಿ.

ಸುತ್ತಲ ಹಳ್ಳಿಗಳಲ್ಲಿ ಇದಕ್ಕೆ ಎಲ್ಲರೂ ಸಂತೋಷಪಟ್ಟರೆಂದರೆ ಸುಳ್ಳಾದೀತು. ಆ ಕಾಡಿನಲ್ಲಿ ನಮ್ಮ ದನಗಳು ಮೇಯುತ್ತಿದ್ದವು. ಒಲೆಗೆ ಕಟ್ಟಿಗೆ, ಗೊಬ್ಬರಕ್ಕೆ ತರಗೆಲೆ ಅಲ್ಲಿಂದಲೇ ಬರುತ್ತಿದ್ದವು. ಅದೇ ನೆಲವನ್ನು ಸಾಗುವಳಿಗೆ ಕೊಡಿರೆಂದು ಅರ್ಜಿ ಹಾಕಿ ಕಾಯುತ್ತಿದ್ದ ಬಡವರೂ ಇದ್ದರು. ಅವರ ದುಃಖ ಸುಳ್ಳಲ್ಲ. ಒಂದು ಸಂಜೆ ಊರ ಚಾವಡಿಯಲ್ಲಿ ಹಿರಿಯರು ಕೂಡಿ, ಹೊಸಬರಿಗೆ ಯಾರೂ ಹಾಲು, ಕಾಳು ಮಾರಬಾರದೆಂದು ಮಾತು ತೆಗೆದರು. ಅಜ್ಜನವರದೂ ಹದಿನಾರು ದನ. ಅವರ ನಷ್ಟವೇ ಹೆಚ್ಚಿನದು. ಆದುದರಿಂದ ಮೊದಲು ಅವರನ್ನೇ ಕೇಳಿದರು. ಅಜ್ಜನವರು ಎದ್ದು ನಿಂತು, "ಅವರು ಮನಿ ಕಳಕೊಂಡು ಬಂದಾರ. ನಾವು ಕಳಕೊಂಡಿದ್ದು ಹುಲ್ಲು. ಎರಡೂ ಒಂದ ತಕ್ಕಡಿಯೊಳಗ ಹ್ಯಾಂಗ ತೂಗೂದು?" ಎಂದಷ್ಟೇ ಹೇಳಿ ಮನೆಗೆ ಬಂದರು. ಕೆಲವರು ಬಹಳ ದಿನ ಅವರೊಡನೆ ಮಾತು ಬಿಟ್ಟರು. ಆ ವರ್ಷ ಮೇವು ಸಾಲದೆ ಐದು ದನಗಳನ್ನು ಮಾರಬೇಕಾಯಿತು. ಅಂದು ಸಂತೆಯಿಂದ ಬಂದ ಅಜ್ಜನವರು ಊಟ ಮಾಡಲಿಲ್ಲವೆಂಬುದು ನಮಗೆ ನೆನಪಿದೆ. ಔದಾರ್ಯಕ್ಕೆ ನೋವಿಲ್ಲವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಮೊದಲ ಮಳೆಗಾಲದಲ್ಲಿ ನಿರಾಶ್ರಿತರು ಇನ್ನೂ ಡೇರೆಗಳಲ್ಲಿದ್ದರು. ಹಿಮದ ನಾಡಿನವರಿಗೆ ಇಲ್ಲಿಯ ಬಿಸಿಲು, ಮಳೆ ಎರಡೂ ಹೊಸವು. ಜ್ವರ, ಕ್ಷಯಗಳಿಂದ ಬಳಲಿದವರು ಬಹಳ. ಆಷಾಢದ ಒಂದು ರಾತ್ರಿ ಬಾಗಿಲ ಮುಂದೆ ಯಾರೋ ಕೆಮ್ಮಿದ ಸದ್ದಾಯಿತು. ಕಂದೀಲು ಹಿಡಿದು ನೋಡಿದರೆ ಒಬ್ಬ ಮುದುಕರು. ಬೆನ್ನ ಮೇಲೆ ನಮ್ಮ ವಯಸ್ಸಿನ, ಎಂದರೆ ಏಳು ವರ್ಷದ, ಒಂದು ಹುಡುಗಿ. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಮುದುಕರ ಎದೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟು. ಮಾತು ಪರಸ್ಪರ ತಿಳಿಯದು. ಅಜ್ಜನವರು ಕೂಸನ್ನು ಇಳಿಸಿಕೊಂಡು ಒಳಗೆ ಕೊಟ್ಟರು. ಅಜ್ಜಿ ಕಷಾಯ ಕಾಸಿದರು.

ಅಜ್ಜಿಗೆ ಸಂಕಟವಿಲ್ಲದಿರಲಿಲ್ಲ. "ಅವರು ಮಾಂಸಾ ತಿನ್ನೋ ಮಂದಿ ಅಂತಾರ. ನಮ್ಮ ಗಂಗಾಳದಾಗ ಹ್ಯಾಂಗ ನೀಡೂದು?" ಎಂದು ಮೆಲ್ಲಗೆ ಕೇಳಿದರು. ಅಜ್ಜನವರು ವಾದ ಮಾಡಲಿಲ್ಲ. "ನಿನ್ನ ಮನಸ್ಸಿಗೆ ಬಂದಂಗ ನೀಡು, ಆದರ ನೀಡು" ಎಂದರು. ಅಜ್ಜಿ ಮುತ್ತುಗದ ಎಲೆಯಲ್ಲಿ ಅನ್ನ ನೀಡಿದರು. ಆ ಮುದುಕರು ಹನ್ನೊಂದು ದಿನ ಪಡಸಾಲೆಯಲ್ಲಿದ್ದರು. ಬೆಳಿಗ್ಗೆ ಅಜ್ಜನವರು ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವಾಗ ಅವರು ಜಪಮಾಲೆ ಹಿಡಿದು ದೂರದಲ್ಲಿ ಸದ್ದಿಲ್ಲದೆ ಕುಳಿತಿರುತ್ತಿದ್ದರು. ಪೂಜೆ ಮುಗಿಯುವವರೆಗೆ ಅವರು ನೀರನ್ನೂ ಮುಟ್ಟುತ್ತಿರಲಿಲ್ಲ. ಅಜ್ಜಿ ಕೊಟ್ಟ ಬೆಣ್ಣೆಯನ್ನು ಅವರು ಉಪ್ಪಿನೊಡನೆ ಚಹಾದಲ್ಲಿ ಕದಡಿ ಕುಡಿದಾಗ ಮನೆಯವರೆಲ್ಲ ನಕ್ಕೆವು, ಅವರೂ ನಕ್ಕರು. ಐದನೆಯ ದಿನ ಕೂಸಿನ ಜ್ವರ ಇಳಿಯಿತು. ಆರನೆಯ ದಿನ ಅಜ್ಜಿ, ಯಾರೂ ಹೇಳದೆ, ಇಬ್ಬರಿಗೂ ಗಂಗಾಳದಲ್ಲಿ ನೀಡಿದರು.

ಹೊರಡುವ ದಿನ ಮುದುಕರು ಆ ಉದ್ದನೆಯ ಗಂಟನ್ನು ಬಿಚ್ಚಿ ತೋರಿಸಿದರು. ಎರಡು ಹಲಗೆಗಳ ನಡುವೆ ಉದ್ದುದ್ದ ಬಿಡಿ ಹಾಳೆಗಳು, ಅವರ ಲಿಪಿಯ ಧರ್ಮಗ್ರಂಥ. ಡೇರೆ ಸೋರುತ್ತದೆ, ಇದನ್ನು ಇಲ್ಲಿ ಇಟ್ಟುಕೊಳ್ಳಿರೆಂದು ಸನ್ನೆ ಮಾಡಿದರು. ಅಜ್ಜನವರು ಅದನ್ನು ಕಂಡು ಬೆರಗಾದರು. ನಮ್ಮ ದೇವರ ಜಗಲಿಯ ಮೇಲೆ ತಲೆತಲಾಂತರದಿಂದ ಬಂದ ಓಲೆಗರಿಯ ಕಟ್ಟೊಂದು ಇತ್ತು. ಆಕಾರ ಎರಡರದೂ ಒಂದೇ. ಟಿಬೆಟ್ಟಿನವರ ಪುಸ್ತಕದ ಆ ಉದ್ದನೆಯ ರೂಪ ನಮ್ಮ ದೇಶದ ತಾಳೆಗರಿಗಳಿಂದಲೇ ಹೋದದ್ದೆಂದು ಓದಿ ತಿಳಿಯಲು ನಮಗೆ ಮುಂದೆ ಹಲವು ವರ್ಷ ಬೇಕಾದವು. ಅಜ್ಜನವರು ಒಂದು ಕ್ಷಣದಲ್ಲಿ ಕಣ್ಣಿನಿಂದಲೇ ಅದನ್ನು ಅರಿತರು. ಗಂಟನ್ನು ಒಯ್ದು ಓಲೆಗರಿಯ ಪಕ್ಕದಲ್ಲಿಟ್ಟರು. ಅಜ್ಜಿ ಗಾಬರಿಯಾದರು. "ಜಗಲಿ ಮ್ಯಾಲೆ ಬ್ಯಾರೆಯವರ ಪುಸ್ತಕ ಇಡೂದೇನ್ರೀ?" ಎಂದರು. ಆಗ ಅಜ್ಜನವರು ಆಡಿದ ಮಾತು ನಮ್ಮ ಓದಿಗೆಲ್ಲ ತಳಹದಿಯಾಯಿತು. "ಉಳವಿಗೆ ಬಂದ ಶರಣರ ಗಂಟು ಯಾರೋ ತಮ್ಮ ಜಗಲಿ ಮ್ಯಾಲೆ ಇಟ್ಟುಕೊಂಡ್ರು. ಅದಕ್ಕ ನಮ್ಮ ಕೈಗೆ ವಚನ ಸಿಕ್ಕಾವ. ಆ ಸಾಲ ತೀರಸಾಕ ಇವತ್ತ ವ್ಯಾಳ್ಯಾ ಬಂದೈತಿ."

ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ ಒಬ್ಬ ಒಕ್ಕಲಿಗರ ಮಾತಿದು. ಪೂಜ್ಯ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ್ದು ಹೀಗೆ ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗರಿಗಳನ್ನು ಬೇಡಿ ತಂದೇ ಅಲ್ಲವೆ? ಓದಲು ಬಾರದವರೂ ಎಸೆಯದೆ ಕಾಯ್ದರು. ಓದಬಲ್ಲವರು ಬರುವವರೆಗೆ ಅವು ಉಳಿದವು. ಆ ಟಿಬೆಟ್ಟಿನ ಗಂಟು ಎರಡು ವರ್ಷಕ್ಕೂ ಮಿಕ್ಕಿ ನಮ್ಮ ಜಗಲಿಯ ಮೇಲಿತ್ತು. ಶ್ರಾವಣದಲ್ಲಿ ಅಜ್ಜನವರು ಎರಡೂ ಕಟ್ಟುಗಳಿಗೆ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದರು. ಕಾಲೊನಿಯಲ್ಲಿ ಹಂಚಿನ ಮನೆಗಳೆದ್ದ ಮೇಲೆ ಮುದುಕರು ಬಂದು ಗಂಟನ್ನು ಕಣ್ಣಿಗೊತ್ತಿಕೊಂಡು, ಅಜ್ಜನವರ ಕೊರಳಿಗೆ ಒಂದು ಬಿಳಿಯ ವಸ್ತ್ರ ಹಾಕಿದರು. ಖತಕ್ ಎಂದು ಅದಕ್ಕೆ ಹೆಸರು. ಅವರಲ್ಲಿ ಗೌರವದ ಗುರುತು.

ಆ ಬಳಿಕ ಇಬ್ಬರು ಮುದುಕರ ಸ್ನೇಹ ಗಟ್ಟಿಯಾಯಿತು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕಷ್ಟದ ವರ್ಷಗಳನ್ನು ಕಳೆದಿದ್ದ ಭಿಕ್ಷುಗಳು 1970ರ ಆಸುಪಾಸಿನಲ್ಲಿ ಮುಂಡಗೋಡಕ್ಕೆ ಬಂದು ಗಾಂದೆನ್, ದ್ರೆಪುಂಗ್ ಎಂಬ ತಮ್ಮ ಪ್ರಾಚೀನ ಮಠಗಳನ್ನು ಇಲ್ಲಿ ಮತ್ತೆ ಸ್ಥಾಪಿಸಿದರು. ಒಂದು ದಿನ ಆ ಹಿರಿಯರು ಅಜ್ಜನವರನ್ನೂ ನಮ್ಮನ್ನೂ ಅಲ್ಲಿಗೆ ಕರೆದೊಯ್ದರು. ಅಂಗಳದಲ್ಲಿ ಒಬ್ಬ ತರುಣ ಭಿಕ್ಷು ನಿಂತು, ಕಾಲು ನೆಲಕ್ಕೆ ಬಡಿದು, ಕೈ ಚಪ್ಪಾಳೆ ಹೊಡೆದು ಕೂಗುತ್ತಿದ್ದರೆ ಇನ್ನೊಬ್ಬರು ಕುಳಿತು ತಣ್ಣಗೆ ಉತ್ತರಿಸುತ್ತಿದ್ದರು. ಅಜ್ಜನವರು ಜಗಳವೆಂದೇ ತಿಳಿದು ಬಿಡಿಸಲು ಮುಂದೆ ಹೋದರು! ಅದು ಧರ್ಮಕೀರ್ತಿಯಂಥ ಭಾರತೀಯ ಆಚಾರ್ಯರ ಪ್ರಮಾಣಶಾಸ್ತ್ರವನ್ನು ಅವರು ಅಭ್ಯಾಸ ಮಾಡುವ ಕ್ರಮವೆಂದು ನಾವು ಶಿವಯೋಗಮಂದಿರದಲ್ಲಿ ತರ್ಕದ ಪಾಠಕ್ಕೆ ಕುಳಿತ ಮೇಲೆ ಅರ್ಥವಾಯಿತು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಆ ಪುಣ್ಯಸ್ಥಳಕ್ಕೆ ನಮ್ಮನ್ನು 1971ರಲ್ಲಿ ಅಜ್ಜನವರೇ ಕರೆದೊಯ್ದು ಬಿಟ್ಟರು. ಮರಳುವಾಗ, "ದೊಡ್ಡ ಪಂಡಿತ ಆಗು. ಆದರ ಹರವಿಗೆ ನೀರ ತುಂಬೂದ ಮರೀಬ್ಯಾಡ" ಎಂದರು.

1979ರಲ್ಲಿ ಅಜ್ಜನವರು ಲಿಂಗೈಕ್ಯರಾದರು. ಸಮಾಧಿಯ ಬಳಿ ಕಾಲೊನಿಯ ಇಪ್ಪತ್ತು ಮೂವತ್ತು ಜನ ಬಿಳಿಯ ವಸ್ತ್ರ ಹಿಡಿದು ಮೌನವಾಗಿ ನಿಂತಿದ್ದರು. ಚಾವಡಿಯಲ್ಲಿ ಅಜ್ಜನವರೊಡನೆ ಮಾತು ಬಿಟ್ಟಿದ್ದವರು ಆ ದಿನ ಅವರಿಗೆ ತಾವೇ ದಾರಿ ಬಿಟ್ಟುಕೊಟ್ಟರು.

ಇನ್ನು ನಮ್ಮ ತಪ್ಪಿನ ಮಾತು. ಅಜ್ಜನವರ ಬಳಿಕ ಏಳೆಂಟು ವರ್ಷಕ್ಕೆ ಮನೆ ವಾಟ್ನಿಯಾಯಿತು. ಮೂವರು ಪಾಲುದಾರರು. ಪಡಸಾಲೆಯನ್ನು ಮೂರು ಭಾಗ ಮಾಡಿ ನಡುವೆ ಗೋಡೆ ಎಬ್ಬಿಸಬೇಕೆಂದು ನಿಶ್ಚಯವಾಯಿತು. ನಮ್ಮ ಸಹಿ ಬೇಕೆಂದು ಕಾಗದ ಹಿಡಿದು ಮಠಕ್ಕೆ ಬಂದರು. "ನಮಗೆ ಮನೆ, ಮಠ ಎಂಬ ಮೋಹವಿಲ್ಲ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇವೆ" ಎಂದು ದೊಡ್ಡ ವಿರಾಗಿಗಳಂತೆ ನುಡಿದು, ಕಾಗದವನ್ನು ಓದದೆ ಸಹಿ ಮಾಡಿದೆವು. ಪಾಲು ಬಿಟ್ಟದ್ದು ಸರಿ. ಆದರೆ "ಪಡಸಾಲೆಯೊಂದನ್ನು ಹಾಗೆಯೇ ಉಳಿಸಿರಪ್ಪಾ" ಎಂದು ಒಂದು ಮಾತು ಆಡಬಹುದಾಗಿತ್ತು. ನಮ್ಮ ಮಾತನ್ನು ಅವರು ತೆಗೆದುಹಾಕುತ್ತಿರಲಿಲ್ಲ. ಮುಂದೆ ಒಮ್ಮೆ ಉಳವಿಯ ಜಾತ್ರೆಯ ಕಾಲಕ್ಕೆ ಊರಿಗೆ ಹೋದಾಗ ಯಾತ್ರಿಕರು ಶಾಲೆಯ ಅಂಗಳದಲ್ಲಿ ಇಬ್ಬನಿಯಲ್ಲಿ ಮಲಗಿದ್ದುದನ್ನು ಕಂಡೆವು. ವೈರಾಗ್ಯವೆಂದು ನಾವು ಬಗೆದದ್ದು ಹೊಣೆಯನ್ನು ನುಣುಚಿಕೊಳ್ಳುವ ಉಪಾಯವಾಗಿತ್ತೆಂದು ಅಂದು ಹೊಳೆಯಿತು. ಹೊಳೆದರೂ ಯಾರಿಗೂ ಹೇಳಲಿಲ್ಲ.

ಈ ಬಸವ ಜಯಂತಿಯ ದಿನ, ಕೂಸು ಫೋಟೋ ಕೇಳಿದ ಸ್ವಲ್ಪ ಹೊತ್ತಿಗೆ, ಬಾಗಿಲಲ್ಲಿ ಒಬ್ಬ ವೃದ್ಧೆ ನಿಂತಿದ್ದರು. ಟಿಬೆಟ್ಟಿನ ಉಡುಪು, ನಮ್ಮದೇ ವಯಸ್ಸು. ಹರೆಯದಲ್ಲಿ ಚಳಿಗಾಲಕ್ಕೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುತ್ತಿದ್ದು, ಮದುವೆಯಾಗಿ ಬೈಲಕುಪ್ಪೆಗೆ ಹೋಗಿ, ಈಗ ಮಕ್ಕಳು ವಿದೇಶಕ್ಕೆ ಹೋದ ಮೇಲೆ ತಮ್ಮನ ಮನೆಗೆ ಮರಳಿ ಬಂದವರು. ಅಜ್ಜ ಬೆನ್ನ ಮೇಲೆ ಹೊತ್ತು ತಂದಿದ್ದ ಆ ಹುಡುಗಿ ಈಕೆಯೇ. ಮನೆ ಇಳಿಸುವ ಸುದ್ದಿ ಯಾರಿಂದಲೋ ಕೇಳಿ ಬಂದಿದ್ದರು. ಒಳಗೆ ಬಂದು ಸುತ್ತಲೂ ನೋಡಿ, ನಮ್ಮ ಸೀಮೆಯ ಅಚ್ಚ ಕನ್ನಡದಲ್ಲಿ, "ಇಲ್ಲಿ ಗ್ವಾಡಿ ಇರಲಿಲ್ಲಲ್ರೀ?" ಎಂದು ಕೇಳಿದರು.

ಯಾರೂ ಉತ್ತರ ಕೊಡಲಿಲ್ಲ. ನಾವೇ ಎದ್ದು, ಎಲ್ಲರ ಮುಂದೆ, ಮೇಲೆ ಬರೆದುದನ್ನು ಹೇಳಿದೆವು. ಮೂವತ್ತೈದು ವರ್ಷಕ್ಕೂ ಮೀರಿ ಹೊತ್ತ ಹೊರೆಯನ್ನು ಎದೆಮಟ್ಟದ ಆ ಕಟ್ಟೆಯ ಮೇಲೆ ಇಳಿಸಿದಂತಾಯಿತು. ಆ ತಾಯಿ ಏನೂ ಹೇಳದೆ ಬಿಳಿಯ ವಸ್ತ್ರವೊಂದನ್ನು ತೆಗೆದು ಅಜ್ಜನವರು ಒರಗುತ್ತಿದ್ದ ಕಂಬಕ್ಕೆ ಕಟ್ಟಿದರು.

ಹೊಸ ಮನೆಯ ನಕ್ಷೆ ಸಿದ್ಧವಾಗಿತ್ತು. ಮುಂಭಾಗದಲ್ಲಿ ಎರಡು ಕಾರು ನಿಲ್ಲುವ ಜಾಗ, ಪಡಸಾಲೆಯಿಲ್ಲ. ಸಂಜೆ ಹಿರಿಯ ಸೊಸೆ ಆ ನಕ್ಷೆಯನ್ನು ತಂದು ಎಲ್ಲರ ನಡುವೆ ಹರಡಿ ಹೇಳಿದಳು: "ಕಾರು ಮಳಿಯೊಳಗ ನಿಂತ್ರ ಏನೂ ಆಗೂದಿಲ್ಲ. ಪಡಸಾಲಿ ಇರಲಿ. ಆದರ ಅಡಿಗಿಮನಿನೂ ಅಷ್ಟ ದೊಡ್ಡದಿರಲಿ, ಮತ್ತ ನೀಡೂ ಹೊತ್ತಿಗೆ ಗಂಡಸರೂ ಒಳಗ ಬರಬೇಕು." ಅಜ್ಜಿ ಎಂದೂ ಆಡದೆ ಉಳಿಸಿಕೊಂಡಿದ್ದ ಮಾತನ್ನು ಆ ಮಗಳು ಆಡಿದಂತೆ ನಮಗೆ ಕೇಳಿಸಿತು. ನಕ್ಷೆ ತಿದ್ದಲು ಕೊಟ್ಟಿದ್ದಾರೆ. ಹಳೆಯ ಕಟ್ಟೆಯ ಕಲ್ಲುಗಳನ್ನು ಬೇರೆ ತೆಗೆದಿರಿಸಿದ್ದಾರೆ. ಕೆಲಸ ಮುಗಿದ ದಿನ ಹರವಿಗೆ ಮೊದಲ ಕೊಡ ನೀರು ತುಂಬುವುದು ನಮ್ಮ ಪಾಲಿನದೆಂದು ಮಕ್ಕಳಿಗೆ ಹೇಳಿ ಬಂದಿದ್ದೇವೆ.

ಫೋಟೋ ಕೇಳಿದ ಕೂಸು ಆ ದಿನ ನಮ್ಮ ಪಕ್ಕದಲ್ಲಿ ನಿಂತಿರಲಿ. ಮುಂದೆ ಅದು ಅವಳ ಪಾಲಿನ ಕಾಯಕ.